ಮೆಲಿಕೋಲಿನ ಬಿಳಿ ಚುಕ್ಕೆಗಳು

ಫೋಟೋದಲ್ಲಿ ಒಂದೇ ಒಂದು ಬಿಳಿ ಚುಕ್ಕೆ ಉಳಿದರೂ ಕಿಣಿ ಮಾಸ್ಟ್ರು ಮರದ ಸ್ಕೇಲಿನಿಂದ ನನ್ನ ಬೆರಳ ಗಂಟಿಗೆ ಹೊಡೆಯುತ್ತಿದ್ದರು. ಮಂಗಳೂರಿನ ಹಂಪನಕಟ್ಟೆಯಲ್ಲಿ ಅವರ ಸ್ಟುಡಿಯೋ. ನೆಗೆಟಿವಿನ ಮೇಲೆ ಕೂತ ಧೂಳು ಕಾಗದದ ಮೇಲೆ ಬಿಳಿ ಚುಕ್ಕೆಯಾಗಿ ಬೀಳುತ್ತದೆ. ಸಣ್ಣ ಕುಂಚದ ತುದಿಯನ್ನು ನಾಲಿಗೆಯಲ್ಲಿ ಚೂಪು ಮಾಡಿ, ಸುತ್ತಲಿನ ಬೂದು ಎಷ್ಟಿದೆಯೋ ಅಷ್ಟೇ ಬಣ್ಣ ತೆಗೆದುಕೊಂಡು, ಆ ಚುಕ್ಕೆಯನ್ನು ತುಂಬಬೇಕು. ಅಲ್ಲಿ ಚುಕ್ಕೆ ಇತ್ತು ಎಂಬುದೇ ಯಾರಿಗೂ ತಿಳಿಯಬಾರದು. ನಮ್ಮಲ್ಲಿಗೆ ಬರುತ್ತಿದ್ದ ಹಳೇ ಫೋಟೋಗಳಲ್ಲಿ ಹೆಚ್ಚಿನವು ತೀರಿಕೊಂಡವರವು. ಬೂಸಲು ಹಿಡಿದದ್ದು, ಜಿರಳೆ ತಿಂದದ್ದು ತರುತ್ತಿದ್ದರು. ಹದಿಮೂರನೇ ದಿನಕ್ಕೆ ಹಾರ ಹಾಕಲು ದೊಡ್ಡದು ಮಾಡಿ ಕೊಡಬೇಕಿತ್ತು. "ಸತ್ತವರ ಮುಖಕ್ಕೆ ಧೂಳು ಮೆತ್ತಿ ಕಳಿಸ್ತೀಯಾ?" ಎಂದು ಮಾಸ್ಟ್ರು ಕೇಳುತ್ತಿದ್ದರು. ಹನ್ನೊಂದು ವರ್ಷ ಅವರ ಹತ್ತಿರ ಇದ್ದೆ. ಚುಕ್ಕೆ ಕಂಡರೆ ಕೈ ತಾನಾಗಿ ಕುಂಚಕ್ಕೆ ಹೋಗುವಷ್ಟು ಪೆಟ್ಟು ತಿಂದಿದ್ದೇನೆ.

ಸೌದಿಯ ಅಬ್ಕೈಕಿಗೆ ಬಂದ ಮೇಲೂ ಅದೇ ಕೆಲಸ. ಎಣ್ಣೆ ಕಂಪನಿಯ ಕ್ಯಾಂಪಿನ ಗೇಟಿನ ಎದುರಿನ ಅಂಗಡಿ ಸಾಲಿನಲ್ಲಿ ನಮ್ಮ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ಬಂಟ್ವಾಳದ ಉಗ್ಗಪ್ಪ ಇಕಾಮಾ ಎಂಬ ವಾಸದ ಪರವಾನಗಿಗೆ, ಪಾಸ್‌ಪೋರ್ಟಿಗೆ ಜನರನ್ನು ಸ್ಟೂಲಿನ ಮೇಲೆ ಕೂರಿಸಿ ಫೋಟೋ ತೆಗೆಯುತ್ತಿದ್ದ. ಹಿಂದಿನ ಕತ್ತಲೆ ಕೋಣೆ ನನ್ನದು. ಅಂಗಡಿಯ ಲೈಸೆನ್ಸು ಯಾರ ಹೆಸರಿನಲ್ಲಿತ್ತೋ ಆ ಸೌದಿ ಕಫೀಲ್ ತಿಂಗಳಿಗೊಮ್ಮೆ ಬಂದು ಚಾ ಕುಡಿದು ಹೋಗುತ್ತಿದ್ದ.

ಬೇಸಿಗೆಯಲ್ಲಿ ನಮಗೊಂದು ಕಷ್ಟವಿತ್ತು. ನೀರಿನ ಟ್ಯಾಂಕು ತಾರಸಿಯ ಮೇಲೆ. ಜೂನ್ ತಿಂಗಳಿನಿಂದ ಸೆಪ್ಟೆಂಬರ್ ಕಳೆಯುವವರೆಗೆ ನಳ್ಳಿ ತಿರುಗಿಸಿದರೆ ಕೈ ಸುಡುವ ನೀರು. ಫೋಟೋದ ಚಿತ್ರ ಇರುವುದು ಕಾಗದದ ಮೇಲಿನ ತೆಳು ಅಂಟಿನ ಪದರದಲ್ಲಿ. ಬಿಸಿ ನೀರು ತಾಗಿದರೆ ಆ ಪದರ ಹಾಲಿನ ಕೆನೆಯ ಹಾಗೆ ಎದ್ದು ಬರುತ್ತದೆ. ಅದಕ್ಕಾಗಿ ಉಗ್ಗಪ್ಪ ದಿನಾ ಮಧ್ಯಾಹ್ನ ಮೀನು ಮಾರ್ಕೆಟ್ಟಿನಿಂದ ಐಸಿನ ಗಟ್ಟಿ ತರುತ್ತಿದ್ದ. ಅದನ್ನು ಟಬ್ಬಿಗೆ ಹಾಕಿ, ನೀರು ತಣಿದ ಮೇಲೆಯೇ ನಾನು ಕಾಗದ ಮುಟ್ಟುತ್ತಿದ್ದದ್ದು.

1985ರ ಆಗಸ್ಟಿನಲ್ಲಿ ಒಂದು ದಿನ ಒಬ್ಬ ಅಮೆರಿಕದ ಮುದುಕ ಬಂದ. ಹೆಸರು ಹ್ಯಾಸ್ಕೆಲ್. ಕಂಪನಿಯಲ್ಲಿ ಪೈಪುಗಳನ್ನು ಪರೀಕ್ಷೆ ಮಾಡುವ ವಿಭಾಗದಲ್ಲಿದ್ದವನು, ಆ ವರ್ಷದ ಕೊನೆಗೆ ರಿಟೈರ್ ಆಗುವವನು. ಅವನು ಬಾಗಿಲು ತೆರೆದಾಗ ಉಗ್ಗಪ್ಪ ಗೋಣಿಯಲ್ಲಿ ಸುತ್ತಿದ ಐಸನ್ನು ಹೆಗಲ ಮೇಲೆ ಹೊತ್ತು ಒಳಗೆ ಬರುತ್ತಿದ್ದ. ಮುದುಕ ದಾರಿ ಬಿಟ್ಟು ನಿಂತು ಆ ಗೋಣಿಯನ್ನೇ ನೋಡಿದ.

"ಐಸು," ಅಂದ. "ತೊಳೆಯಲಿಕ್ಕಾ? ನಮಗೂ ಬೇಕಾಗುತ್ತಿತ್ತು."

ನನ್ನ ಇಂಗ್ಲಿಷ್ ಅರ್ಧ. ಅವನು ನಿಧಾನವಾಗಿ, ನನಗೆ ಅರ್ಥವಾಯಿತೇ ಎಂದು ಮುಖ ನೋಡಿ ನೋಡಿ ಮಾತಾಡುತ್ತಿದ್ದ. ಯುದ್ಧದ ಸಮಯದಲ್ಲಿ ಅವನು ಪೆಸಿಫಿಕ್ ಸಮುದ್ರದ ಒಂದು ಸಣ್ಣ ದ್ವೀಪದಲ್ಲಿದ್ದನಂತೆ. ಅದು ಅಮೆರಿಕದವರ ಬಾಂಬರ್ ವಿಮಾನಗಳ ನೆಲೆ. ಅಲ್ಲಿ ಅವನದು ಫೋಟೋ ಲ್ಯಾಬಿನ ಕೆಲಸ. ತಗಡಿನ ಕೊಟ್ಟಿಗೆ, ಬಿಸಿ ನೀರು. ಅಡುಗೆಯವರ ಐಸ್ ಮಶಿನ್ ನೋಡಿಕೊಳ್ಳುವವನಿಗೆ ಬಾಟಲಿ ಕೊಟ್ಟು ಐಸು ತರುತ್ತಿದ್ದರಂತೆ. ಅದನ್ನು ಹೇಳುವಾಗ ನಕ್ಕ. ನನಗೂ ನಗು ಬಂತು. ಪ್ರಪಂಚದ ಆ ತುದಿಯಲ್ಲೂ ನಮ್ಮದೇ ಕಷ್ಟದ ಒಬ್ಬ ಇದ್ದನಲ್ಲ ಅನ್ನಿಸಿತು.

ಅವನು ಲಕೋಟೆ ಬಿಚ್ಚಿ ಹನ್ನೊಂದು ಫೋಟೋಗಳನ್ನು ಮೇಜಿನ ಮೇಲೆ ಹರಡಿದ. ಒಂದೊಂದಕ್ಕೂ ಒಂದು ಕತೆ ಇತ್ತು. ಹವಳದ ಕಲ್ಲು ಪುಡಿಮಾಡಿ ಹಾಸಿದ ರನ್‌ವೇ, ಸುಣ್ಣದಂತೆ ಬೆಳ್ಳಗೆ; ಮಧ್ಯಾಹ್ನ ಅದನ್ನು ನೋಡಿದರೆ ಕಣ್ಣು ನೋಯುತ್ತಿತ್ತಂತೆ. ವಿಮಾನದ ರೆಕ್ಕೆಯ ನೆರಳಲ್ಲಿ ಅಂಗಿ ಇಲ್ಲದೆ ಮಲಗಿದ ಹುಡುಗರು. ಪೆಟ್ರೋಲ್ ಡ್ರಮ್ಮಿನ ಮೇಲೆ ಕೂತು ಕ್ಷೌರ ಮಾಡಿಸಿಕೊಳ್ಳುತ್ತಿರುವವನು. "ಇವನು ಮರುವಾರ ಹೋದ," ಅಂದ. ಇನ್ನೊಂದರಲ್ಲಿ ಹತ್ತು ಜನ ವಿಮಾನದ ಮುಂದೆ ನಿಂತಿದ್ದರು. ಅವನು ಬೆರಳಿಟ್ಟು ಎಡದಿಂದ ಬಲಕ್ಕೆ ಹೋದ. "ಹೋದ, ಹೋದ, ಇವನಿದ್ದಾನೆ, ಹೋದ."

ಕೊನೆಯ ಮೂರು ವಿಮಾನದ ಹೊಟ್ಟೆಯಿಂದ ಕೆಳಗೆ ನೋಡಿ ತೆಗೆದವು. ಅವುಗಳ ಬಗ್ಗೆ ಅವನು ಏನೂ ಹೇಳಲಿಲ್ಲ.

"ಅಕ್ಟೋಬರಿನಲ್ಲಿ ನಾವು ಉಳಿದವರೆಲ್ಲ ಒಂದು ಕಡೆ ಸೇರುತ್ತೇವೆ. ದೊಡ್ಡದು ಮಾಡಿ ಮೂರು ಮೂರು ಪ್ರತಿ ಬೇಕು. ಇದ್ದ ಹಾಗೆಯೇ ಬೇಕು, ಏನೂ ಮಾಡಬೇಡ," ಎಂದು ಹೇಳಿ ಹೋದ.

ನನಗೆ ಸಿಟ್ಟು ಬಂತು. "ನಾನೆಂತ ಮಾಡ್ತೇನೆ ಅಂತ? ಫೋಟೋ ತಿನ್ನುತ್ತೇನಾ?" ಎಂದು ಉಗ್ಗಪ್ಪನನ್ನು ಕೇಳಿದೆ.

"ನಿಮ್ಮ ಮುಖ ನೋಡಿದ್ರೆ ಯಾರಿಗಾದರೂ ಹಾಗೆ ಅನ್ನಿಸ್ತದೆ ಬ್ಯಾರಿಗಳೇ," ಅಂದ ಉಗ್ಗಪ್ಪ. "ಸ್ವಲ್ಪ ನಗಾಡಿ ಮಾರಾಯ್ರೆ. ಸ್ಟುಡಿಯೋದಲ್ಲಿ ನಗಾಡಿ ಅಂತ ಹೇಳುವುದು ನನ್ನ ಕೆಲಸ, ನಿಮಗೆ ಫ್ರೀ."

ಇದ್ದ ಹಾಗೆಯೇ ಬೇಕು ಎಂದು ಎಲ್ಲ ಗಿರಾಕಿಗಳೂ ಹೇಳುತ್ತಾರೆ. ಕೊಟ್ಟ ಮೇಲೆ, ಇಲ್ಲೊಂದು ಚುಕ್ಕೆ ಉಂಟಲ್ಲ ಎಂದು ವಾಪಸು ತರುತ್ತಾರೆ. ಹಾಗಾಗಿ ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಕೂತೆ. ನೆಲದ ಮೇಲಿನ ಎಂಟು ಫೋಟೋಗಳು ಚೊಕ್ಕವಾಗಿದ್ದವು. ಆಕಾಶದಿಂದ ತೆಗೆದವುಗಳಲ್ಲಿ ಎರಡು ಗಲೀಜು. ಮೂರೂ ಒಂದೇ ಜಾಗದ್ದು: ಒಂದು ಹೊಳೆಯ ತಿರುವು, ಪಕ್ಕದಲ್ಲಿ ನಾಲ್ಕೈದು ಗುಡಿಸಲಿನ ಮಾಡು, ಸುತ್ತ ಕಾಡು. ನಡುವಿನದರಲ್ಲಿ ಬರೀ ಹೊಗೆ. ಮೊದಲನೆಯದರಲ್ಲಿ ಮಾಡುಗಳ ಮುಂದಿನ ಬಯಲಿನ ತುಂಬ ಬಿಳಿ ಚುಕ್ಕೆಗಳು, ಸಾಸಿವೆಗಿಂತ ಸಣ್ಣವು. ಮೂರನೆಯದರಲ್ಲಿ ಮಾಡುಗಳೇ ಇಲ್ಲ, ಗುಂಡಿಗಳಿದ್ದವು. ಚುಕ್ಕೆಗಳು ಹೊಳೆಯ ಅಂಚಿನಲ್ಲಿ ಕೆಲವೇ. ಇದನ್ನು ಹಾಗೇ ಕಾಪಿ ಮಾಡಿದರೆ ಪ್ರತಿಯೊಂದು ಪ್ರತಿಯಲ್ಲೂ ಅಷ್ಟೂ ಚುಕ್ಕೆ ತುಂಬಬೇಕು. ಮೂಲದಲ್ಲೇ ಒಮ್ಮೆ ತುಂಬಿಬಿಟ್ಟರೆ ಎಲ್ಲ ಪ್ರತಿಗಳೂ ಚೊಕ್ಕ ಬರುತ್ತವೆ. ಕಿಣಿ ಮಾಸ್ಟ್ರ ಹತ್ತಿರವೂ ನಾವು ಹಾಗೇ ಮಾಡುತ್ತಿದ್ದೆವು. ಕುಂಚ ತೆಗೆದುಕೊಂಡೆ.

ಆ ಕೆಲಸಕ್ಕೆ ಕಿವಿ ಬೇಡ. ಹಿಂದಿನ ದಿನ ಊರಿನಿಂದ ಬಂದವರೊಬ್ಬರು ಉಮ್ಮನ ಮಾತು ತುಂಬಿದ ಕ್ಯಾಸೆಟ್ಟು ತಂದುಕೊಟ್ಟಿದ್ದರು. ಉಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ, ಕಾಗದದ ಬದಲು ಕ್ಯಾಸೆಟ್ಟು. ಟೇಪ್ ರೆಕಾರ್ಡರ್ ಮೇಜಿನ ಮೇಲಿಟ್ಟು ಗುಂಡಿ ಒತ್ತಿದೆ.

"ಮೋನೇ, ಮೊಯ್ದೂ. ನಿನ್ನ ಹೆಂಡತಿ ನಫೀಸತ್ ಈ ಪೆಟ್ಟಿಗೆ ನನ್ನ ಮುಂದೆ ಇಟ್ಟು ಹೋಗಿದ್ದಾಳೆ. ಮುಖ ಇಲ್ಲದ್ದರ ಹತ್ತಿರ ಎಂತ ಮಾತಾಡುವುದು. ಏ, ಆ ಆಡು ಓಡಿಸು, ಬದನೆ ಗಿಡ ತಿನ್ನುತ್ತದೆ. ಹಾಂ. ನನ್ನ ಹೊಟ್ಟೆಯ ಗಡ್ಡೆ ಡಾಕ್ಟರು ನೋಡಿದರು. ತೆರೆಯುವುದು ಬೇಡ ಅಂದರು. ಹೊರಗೆ ಹೋಗಿ ನಫೀಸತ್ ಹತ್ತಿರ ಆರು ತಿಂಗಳು ಅಂದರಂತೆ. ನನಗೆ ಕೇಳುವುದಿಲ್ಲ ಅಂತ ಎಣಿಸಿದ್ದಾರೆ. ಕಿವಿ ಸರಿ ಉಂಟು, ಹೊಟ್ಟೆ ಮಾತ್ರ ಹಾಳಾದದ್ದು."

ನಾನು ಮೊದಲ ಫೋಟೋದ ಬಯಲನ್ನು ಎಡದಿಂದ ತುಂಬುತ್ತಾ ಬಂದೆ.

"ಮೋನೇ, ಇದ್ದತ್ತಿಗೆ ನಾಲ್ಕು ತಿಂಗಳು ಹತ್ತು ದಿನ ಸಾಕು. ಆರು ತಿಂಗಳು ಇದ್ದರೆ ಸಮಯ ಉಂಟು. ನಿನ್ನ ಬಾಪನ ಒಂದು ಸುದ್ದಿ ಬೇಕು. ಸತ್ತಿದ್ದಾರೆ ಅಂತ ಯಾರಾದರೂ ಕಂಡವರು ಹೇಳಬೇಕು. ನೀನಿರುವಲ್ಲಿ ಬಿಳಿಯವರು ಸುಮಾರು ಇದ್ದಾರಂತೆ, ಯುದ್ಧ ಮಾಡಿದ್ದು ಅವರೇ ಅಲ್ಲವಾ. ಒಂದು ಮಾತು ಕೇಳಿ ನೋಡು. ನನಗೆ ಕೂತು ಮುಗಿಸಿ ಹೋಗಬೇಕು. ಹೆಂಡತಿಯಾಗಿಯಾ, ವಿಧವೆಯಾಗಿಯಾ ಅಂತ ಗೊತ್ತಿಲ್ಲದೆ ಹೇಗೆ ಹೋಗುವುದು?"

ಗಂಡ ತೀರಿಕೊಂಡರೆ ನಮ್ಮ ಹೆಂಗಸರು ನಾಲ್ಕು ತಿಂಗಳು ಹತ್ತು ದಿನ ಒಡವೆ ಬಿಚ್ಚಿಟ್ಟು, ಮನೆಯೊಳಗೇ ಕೂತು ದುಃಖದ ಅವಧಿ ಕಳೆಯಬೇಕು. ಅದು ಇದ್ದತ್. ಉಮ್ಮ ನಲವತ್ತು ವರ್ಷವಾದರೂ ಕೂತಿರಲಿಲ್ಲ. ಬಾಪ ಅಬ್ದುಲ್ಲ ಕುಂಞಿ ನಾನು ತೊಟ್ಟಿಲಲ್ಲಿರುವಾಗ ಸಿಂಗಾಪುರಕ್ಕೆ ಹೋಗಿ ಬ್ರಿಟಿಷರ ಸೈನ್ಯದಲ್ಲಿ ಅಡುಗೆಯವರಾದರು. ಸಿಂಗಾಪುರ ಜಪಾನಿಗಳ ಕೈಗೆ ಬಿದ್ದಾಗ ಕೈದಿಯಾದರು. ಜಪಾನಿಗಳು ಕೈದಿಗಳನ್ನು ಹಡಗಿನಲ್ಲಿ ತುಂಬಿ ದೂರದ ದ್ವೀಪಗಳಿಗೆ ಕೂಲಿಗೆ ಒಯ್ದರು. ಜೊತೆಯಲ್ಲಿದ್ದ ನಮ್ಮೂರಿನ ಹುಸೈನ್ ಕಾಕ ಒಬ್ಬರು 1946ರಲ್ಲಿ ತಿರುಗಿ ಬಂದರು. ಅವರು ಹೇಳಿದ್ದು ಇಷ್ಟೇ: "ನಾನು ಗುಡ್ಡದ ಮೇಲಿನ ಕ್ಯಾಂಪಿನಲ್ಲಿದ್ದೆ. ಕುಂಞಿ ಹೊಳೆ ಬದಿಯ ಅಡುಗೆ ಕ್ಯಾಂಪಿನಲ್ಲಿದ್ದ. ಒಂದು ಬೆಳಿಗ್ಗೆ ವಿಮಾನ ಬಂದು ಹೊಳೆ ಬದಿಗೆ ಬಾಂಬು ಹಾಕಿತು. ಮತ್ತೆ ನಮ್ಮನ್ನು ಆ ಕಡೆ ಬಿಡಲಿಲ್ಲ." ಸೈನ್ಯದಿಂದ ಒಂದು ಕಾಗದವೂ ಬಂತು: ಮೆಲಿಕೋಲ್ ದ್ವೀಪದಲ್ಲಿ ಕಾಣೆಯಾಗಿದ್ದಾರೆ, ಮೃತಪಟ್ಟಿರಬಹುದೆಂದು ಊಹಿಸಲಾಗಿದೆ. ಪಳ್ಳಿಯಲ್ಲಿ ನಮಾಝ್ ಮಾಡಿಸುತ್ತಿದ್ದ ಆಗಿನ ಖತೀಬರು ಆ ಕಾಗದ ಓದಿಸಿ ಕೇಳಿ, "ಊಹೆಯ ಮೇಲೆ ಇದ್ದತ್ ಇಲ್ಲ. ಕಂಡವರ ಮಾತು ಬೇಕು, ಇಲ್ಲವೇ ಕಣ್ಣಿಗೆ ಕಾಣುವ ಗುರುತು ಬೇಕು," ಅಂದರು. ಉಮ್ಮ ಆ ಮಾತನ್ನು ಗಂಟು ಹಾಕಿಕೊಂಡು ಕೂತರು. ಕಿವಿಯ ಸುತ್ತ ಸಾಲಾಗಿ ಹಾಕುವ ಅಲಿಕತ್ತು ಆವತ್ತಿಗೂ ಬಿಚ್ಚಿರಲಿಲ್ಲ. ಮಗಳ ವಯಸ್ಸಿನ ವಿಧವೆಯರು ಅವರ ಕಿವಿ ನೋಡಿ ನಗುತ್ತಿದ್ದದ್ದನ್ನು ನಾನೇ ಕಂಡಿದ್ದೇನೆ. ಬಾಪನ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಆ ಕಾಲದಲ್ಲಿ ಫೋಟೋ ತೆಗೆಸುವುದೇ ಪಾಪ ಎಂದು ತಿಳಿದಿದ್ದರು.

ನಾನು ಯಾರನ್ನು ಕೇಳಲಿ? ಗೇಟಿನ ಎದುರು ನಿಂತು ಬರುವ ಬಿಳಿಯರನ್ನೆಲ್ಲ ನನ್ನ ಬಾಪನನ್ನು ಕಂಡಿದ್ದೀರಾ ಎಂದು ಕೇಳಬೇಕೇ? ಉಮ್ಮನ ಮೇಲೆಯೇ ಸಿಟ್ಟು ಬಂತು. ಹ್ಯಾಸ್ಕೆಲ್ ಯುದ್ಧದಲ್ಲಿದ್ದವನು ಎಂಬುದು ತಲೆಗೆ ಬಾರದೆ ಇರಲಿಲ್ಲ. ಆದರೆ ಆ ಸಮುದ್ರದಲ್ಲಿ ದ್ವೀಪಗಳು ಸಾವಿರವಂತೆ. ಹೊಳೆ ಇಲ್ಲದ ದ್ವೀಪ ಯಾವುದು, ಬಾಂಬು ಬೀಳದ ಹೊಳೆ ಯಾವುದು? ಕೇಳಿ ಮೂರ್ಖನಾಗುವುದು ಬೇಡ ಎಂದು ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಟೇಪಿನಲ್ಲಿ ಉಮ್ಮ ಆಡನ್ನು ಬೈಯುತ್ತಿದ್ದರು. ನಾನು ಮೂರನೇ ಫೋಟೋ ಎಳೆದುಕೊಂಡು ಹೊಳೆಯ ಅಂಚಿನ ಚುಕ್ಕೆಗಳನ್ನು ತುಂಬಿದೆ. ಕನ್ನಡಕ ತೆಗೆದು, ಹಾಕಿ, ಬೆಳಕಿಗೆ ಹಿಡಿದು ನೋಡಿದೆ. ನನಗೇ ಗುರುತು ಸಿಗಲಿಲ್ಲ. ಆಮೇಲೆ ಹನ್ನೊಂದನ್ನೂ ಕಾಪಿ ಮಾಡಿ ಪ್ರಿಂಟ್ ಹಾಕಿದೆ.

ಶನಿವಾರ ಮಧ್ಯಾಹ್ನ ಹ್ಯಾಸ್ಕೆಲ್ ಬಂದ. ಉಗ್ಗಪ್ಪ ಐಸಿಗೆ ಹೋಗಿದ್ದ. ಮುದುಕ ಎಂಟು ಫೋಟೋಗಳನ್ನು ನೋಡಿ ಚೆನ್ನಾಗಿವೆ ಅಂದ. ಆಮೇಲೆ ಜೇಬಿನಿಂದ ಒಂದು ಭೂತಗನ್ನಡಿ ತೆಗೆದು, ಆಕಾಶದಿಂದ ತೆಗೆದ ಮೊದಲನೆಯದರ ಮೇಲೆ ಬಗ್ಗಿದ. ತುಂಬಾ ಹೊತ್ತು ಬಗ್ಗಿದ್ದ. ಮೂರನೆಯದನ್ನು ನೋಡಿದ. ಪ್ರತಿಗಳನ್ನು ಬದಿಗಿಟ್ಟು ಮೂಲಗಳನ್ನೇ ತೆಗೆದು ನೋಡಿದ. ಆಮೇಲೆ ಇಕಾಮಾದವರು ಕೂರುವ ಸ್ಟೂಲಿನ ಮೇಲೆ ಕೂತುಬಿಟ್ಟ.

"ಇಲ್ಲಿದ್ದವು ಎಲ್ಲಿ?"

"ಎಂತದ್ದು?"

"ಬಿಳಿಯವು."

"ಧೂಳು. ತೆಗೆದಿದ್ದೇನೆ. ಅದಕ್ಕೆ ಬೇರೆ ಚಾರ್ಜು ಇಲ್ಲ."

ಅವನು ಭೂತಗನ್ನಡಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತ. ಸುಮ್ಮನೆ ಕೂತವರನ್ನು ಕಂಡರೆ ನನಗೆ ಆಗುವುದಿಲ್ಲ. "ನಿಮ್ಮ ಲ್ಯಾಬಿನವನು ನೆಗೆಟಿವ್ ಒರೆಸದೆ ಪ್ರಿಂಟ್ ಹಾಕಿದ್ದಾನೆ," ಅಂದೆ. "ನಮ್ಮ ಮಾಸ್ಟ್ರ ಹತ್ತಿರ ಆಗಿದ್ದರೆ ಅವನ ಬೆರಳು ಮುರಿಯುತ್ತಿದ್ದರು."

"ಲ್ಯಾಬಿನವನು ನಾನೇ," ಅಂದ ಹ್ಯಾಸ್ಕೆಲ್. "ನಾನು ಧೂಳು ಬಿಡುವವನಲ್ಲ."

ಅದು ನನ್ನದೇ ಮಾತು. ಯಾರಾದರೂ ನನ್ನ ಕೆಲಸಕ್ಕೆ ಹಾಗೆ ಅಂದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಅವನು ನಿಧಾನವಾಗಿ ಹೇಳಿದ. ಅವರ ಸಣ್ಣ ದ್ವೀಪದ ಎದುರಿಗೆ ಒಂದು ದೊಡ್ಡ ದ್ವೀಪ, ಅದರಲ್ಲಿ ಜಪಾನಿಗಳು. ದಿನಾ ಅಲ್ಲಿಗೆ ಬಾಂಬು ಹಾಕಿ ಬರುವುದು. ಆ ಮೂರು ಫೋಟೋ ಒಂದು ಬೆಳಗಿನವು. ಪ್ರಿಂಟ್ ಹಾಕಿದಾಗ ಬಯಲಿನ ತುಂಬ ಬಿಳಿ ಚುಕ್ಕೆಗಳನ್ನು ಕಂಡ. ಜನ. ಮೈಮೇಲಿನ ಬಟ್ಟೆ, ಅಕ್ಕಿ ಚೀಲ ಬಿಚ್ಚಿ ನೆಲಕ್ಕೆ ಹಾಸಿ, ಪಕ್ಕದಲ್ಲಿ ನಿಂತಿದ್ದಾರೆ. ಮೇಲಿರುವವರಿಗೆ ತಾವು ಜಪಾನಿಗಳಲ್ಲ ಎಂದು ಹೇಳುವುದಕ್ಕೆ. ಅವನು ಅದನ್ನು ಬರೆದು ಲೆಫ್ಟಿನೆಂಟ್‌ಗೆ ಕೊಟ್ಟ. ಲೆಫ್ಟಿನೆಂಟ್ ಭೂತಗನ್ನಡಿ ಹಿಡಿದು ನೋಡಿ, "ಧೂಳು, ಹ್ಯಾಸ್ಕೆಲ್. ನೆಗೆಟಿವ್ ಸರಿಯಾಗಿ ತೊಳಿ," ಎಂದು ಆ ಸಾಲನ್ನು ಗೀಚಿ ಹಾಕಿದ. ನೆಗೆಟಿವ್ ಎಲ್ಲಿ ಹೋಯಿತೋ. ಹ್ಯಾಸ್ಕೆಲ್ ಈ ಪ್ರಿಂಟುಗಳನ್ನು ಅಂಗಿಯೊಳಗೆ ಇಟ್ಟುಕೊಂಡು ಬಂದ.

"ಲೆಫ್ಟಿನೆಂಟ್ ಇದ್ದಾನೆ ಇನ್ನೂ. ಪ್ರತಿ ಸಲ ಸೇರಿದಾಗ ಎಲ್ಲರೆದುರು ನನ್ನನ್ನು ತಮಾಷೆ ಮಾಡುತ್ತಾನೆ, ಧೂಳಿನ ಹ್ಯಾಸ್ಕೆಲ್ ಅಂತ. ಈ ಸಲ ದೊಡ್ಡದು ಮಾಡಿ ಅವನ ಮುಂದೆ ಇಡುವವನಿದ್ದೆ."

"ಯಾರು ಅವರು? ಆ ಜನ?"

"ಕೈದಿಗಳು. ಯುದ್ಧ ಮುಗಿದ ಮೇಲೆ ತಿಳಿಯಿತು. ನಿಮ್ಮವರು. ಇಂಡಿಯನ್ಸ್."

"ಯಾವ ದ್ವೀಪ?"

"ಮೆಲಿಕೋಲ್."

ಆ ಹೆಸರನ್ನು ನಾನು ನಮ್ಮ ಮನೆಯ ಹೊರಗೆ ಯಾರ ಬಾಯಲ್ಲೂ ಕೇಳಿರಲಿಲ್ಲ. "ನನ್ನ ಬಾಪ ಅಲ್ಲಿದ್ದರು," ಎಂದು ಕನ್ನಡದಲ್ಲೇ ಹೇಳಿದೆ. ಅವನಿಗೆ ತಿಳಿಯಲಿಲ್ಲ. ನನಗೆ ಬರುವ ಇಂಗ್ಲಿಷಿನಲ್ಲಿ ಮತ್ತೆ ಹೇಳಿದೆ. ನನ್ನ ತಂದೆ, ಅಡುಗೆಯವನು, ಹೊಳೆ ಬದಿ. ಅವನು ಸ್ಟೂಲಿನಿಂದ ಎದ್ದ. ಏಳುವಾಗ ಮೇಜು ಹಿಡಿದುಕೊಂಡ.

"ಎಷ್ಟು ಜನ ಇದ್ದರು?" ಎಂದು ಕೇಳಿದೆ.

"ಮೊದಲನೆಯದರಲ್ಲಿ ಇಪ್ಪತ್ತಮೂರು. ಮೂರನೆ ಫೋಟೋದಲ್ಲಿ ಹೊಳೆಯ ಹತ್ತಿರ ಐದು. ಕೆಲವು ವರ್ಷ ಆರು ಎಣಿಸಿದ್ದೇನೆ. ಒಂದು ಕಲ್ಲಿರಬಹುದು."

ಹದಿನೆಂಟು ಜನ ಒಂದು ಕಡೆ, ಐದು ಜನ ಇನ್ನೊಂದು ಕಡೆ. ಬಾಪ ಎರಡರಲ್ಲಿ ಒಂದು ಕಡೆ ಇದ್ದರು. ನನ್ನ ಕೈಯ ಹತ್ತಿರ, ಮೇಜಿನ ಮೇಲೆ. ಅವರ ಒಂದೇ ಒಂದು ಫೋಟೋ, ಮತ್ತು ಅದನ್ನು ನಾನು ಎಂಜಲು ಹಚ್ಚಿದ ಕುಂಚದಿಂದ ಅಳಿಸಿದ್ದೆ.

"ತೆಗೆಯುತ್ತೇನೆ," ಅಂದೆ. "ಬಣ್ಣ ಹಸಿ ಉಂಟು, ನಾಲ್ಕು ದಿನದ್ದು. ನೀರಿನಲ್ಲಿ ಬಿಡ್ತದೆ."

ಅದು ಸುಳ್ಳಲ್ಲ. ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿಟ್ಟರೆ ಆ ಬಣ್ಣ ಬಿಡುತ್ತದೆ. ಮೂರನೇ ಫೋಟೋ ಎತ್ತಿಕೊಂಡು ಒಳಗೆ ಓಡಿದೆ. ಹಿಂದಿನಿಂದ ಮುದುಕ "ಐಸು" ಎಂದದ್ದು ಕೇಳಿಸಿತು. ಇನ್ನೊಮ್ಮೆ ಅಂದ. ಕೇಳಿಸಿದರೂ ನಿಲ್ಲುವ ತಾಳ್ಮೆ ನನಗಿರಲಿಲ್ಲ. ಹುಟ್ಟಿನಿಂದಲೂ ಇರಲಿಲ್ಲ. ಫೋಟೋವನ್ನು ತಟ್ಟೆಯಲ್ಲಿಟ್ಟು ನಳ್ಳಿ ತಿರುಗಿಸಿದೆ.

ಬಣ್ಣ ಬಿಟ್ಟಿತು. ಬೂದು ಎಳೆಯಾಗಿ ನೀರಿನಲ್ಲಿ ಹರಿದುಹೋಯಿತು. ಹೊಳೆಯ ಅಂಚಿನಲ್ಲಿ ಅವರು ಒಬ್ಬೊಬ್ಬರಾಗಿ ಬಂದರು. ಮೊದಲು ಇಬ್ಬರು ಹತ್ತಿರ ಹತ್ತಿರ. ಆಮೇಲೆ ಸ್ವಲ್ಪ ದೂರದಲ್ಲಿ ಒಬ್ಬರು. ನಾಲ್ಕನೆಯದು ನೀರಿಗೆ ತೀರ ಸಮೀಪ. ಅಷ್ಟರಲ್ಲಿ ಹೊಳೆ ಅಲುಗಾಡಿತು. ಹೊಳೆ, ದಡ, ಕಾಡು ಎಲ್ಲ ಒಟ್ಟಿಗೆ ಸುಕ್ಕುಗಟ್ಟಿ, ಕಾಗದ ಬಿಟ್ಟು ಜಾರಿತು. ಕೈ ಹಾಕಿ ಹಿಡಿಯಲು ನೋಡಿದೆ. ಬೆರಳಿಗೆ ಲೋಳೆ ಹತ್ತಿತು. ಉಳಿದದ್ದು ಸಿಂಕಿನ ತೂತಿನೊಳಗೆ ಇಳಿಯಿತು. ನಳ್ಳಿಯ ನೀರು ನನ್ನ ಕೈ ಸುಡುತ್ತಿದೆ ಎಂಬುದು ಆಗ ಗೊತ್ತಾಯಿತು.

ನಾನು ನಾಲ್ಕರವರೆಗೆ ಎಣಿಸಿದ್ದೆ.

ಹ್ಯಾಸ್ಕೆಲ್ ಬಾಗಿಲಲ್ಲಿ ನಿಂತಿದ್ದ. ತಟ್ಟೆಯಲ್ಲಿದ್ದ ಬಿಳಿ ಕಾಗದ ನೋಡಿದ. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು.

"ಮೊದಲನೆಯದು ಉಂಟು," ಅಂದೆ. "ಐಸು ಬರಲಿ, ಅದನ್ನು ತಣ್ಣೀರಿನಲ್ಲಿ ಹಾಕುವಾ."

"ಬೇಡ. ಮುಟ್ಟಬೇಡ," ಅಂದ. ಬಾಗಿಲಿಗೆ ಅಡ್ಡ ನಿಂತು, "ಅದರಿಂದ ನಿನಗೆ ಏನೂ ಸಿಗುವುದಿಲ್ಲ. ಅದರಲ್ಲಿ ಎಲ್ಲರೂ ಬದುಕಿದ್ದಾರೆ," ಅಂದ.

"ಹೊಳೆ ಹತ್ತಿರದ ಐದು ಜನ? ಅವರು ಮತ್ತೆ ಎಲ್ಲಿ ಹೋದರು?"

"ಮರುದಿನ ನಮ್ಮವರು ಪುನಃ ಅಲ್ಲಿಗೇ ಹೋದರು. ಮೋಡ ಇತ್ತು. ಬಾಂಬು ಹಾಕಿ ಬಂದರು. ಫೋಟೋದಲ್ಲಿ ಮೋಡ ಮಾತ್ರ ಬಂದಿತ್ತು." ಅವನು ಭೂತಗನ್ನಡಿಯನ್ನು ಜೇಬಿಗೆ ಹಾಕಿಕೊಂಡ. "ನಾನೇ ತೊಳೆದೆ."

ಉಗ್ಗಪ್ಪ ಐಸು ಹೊತ್ತು ಬಂದ. ಗೋಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಎಂತ ಮಾರಾಯ್ರೆ, ಇಬ್ಬರೂ ಮರಣದ ಮನೆಯವರ ಹಾಗೆ?" ಎಂದು ಕೇಳಿದ. ಅವನು ಐಸನ್ನು ಟಬ್ಬಿಗೆ ಹಾಕಿದ. ಹ್ಯಾಸ್ಕೆಲ್ ಲಕೋಟೆಗೆ ಫೋಟೋಗಳನ್ನು ತುಂಬಿಕೊಂಡು ಬಿಸಿಲಿಗೆ ಇಳಿದ. ಅಕ್ಟೋಬರಿನಲ್ಲಿ ಅಮೆರಿಕಕ್ಕೆ ಹೋದನೋ, ಅಲ್ಲಿ ಲೆಫ್ಟಿನೆಂಟ್ ಏನು ಅಂದನೋ ನನಗೆ ತಿಳಿಯದು. ಅವನು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ.

ಎರಡು ದಿನ ನಾನು ಉಗ್ಗಪ್ಪನ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಅವನಿಗೆ ಎಲ್ಲ ಹೇಳಿದೆ. ಉಮ್ಮನಿಗೆ ಏನು ಹೇಳುತ್ತೇನೆ ಎಂಬುದನ್ನೂ ಹೇಳಿದೆ.

"ಸತ್ತದ್ದನ್ನು ಆ ಮುದುಕ ಕಂಡಿದ್ದಾನೆ ಅಂತ ಹೇಳುವುದು ಸುಳ್ಳಾಗುವುದಿಲ್ಲವಾ?" ಎಂದ ಉಗ್ಗಪ್ಪ.

"ನಲವತ್ತು ವರ್ಷ ಯಾರೂ ಅವರಿಗೆ ಒಂದು ನಿಜ ಹೇಳಲಿಲ್ಲ. ನಾನೊಂದು ಸುಳ್ಳು ಹೇಳ್ತೇನೆ. ನಿನಗೆಂತ?"

"ನನಗೆಂತ ಇಲ್ಲ. ನಿಮ್ಮ ಉಮ್ಮ ನಿಮಗಿಂತ ಹುಷಾರು ಅಂತ ಕೇಳಿದ್ದೇನೆ, ಅಷ್ಟೇ."

ಕ್ಯಾಸೆಟ್ಟಿನಲ್ಲಿ ಹೇಳಿದೆ: ಉಮ್ಮ, ಮೆಲಿಕೋಲಿನಲ್ಲಿ ಇದ್ದ ಒಬ್ಬ ಅಮೆರಿಕದವನು ಸಿಕ್ಕಿದ. ಬಾಪ ಹೊಳೆಯ ಹತ್ತಿರ ಬಾಂಬು ಬಿದ್ದ ದಿನವೇ ತೀರಿಕೊಂಡರು. ಅವನು ಕಂಡಿದ್ದಾನೆ. ಆ ಜಾಗದ ಫೋಟೋ ಕಳಿಸಿದ್ದೇನೆ, ಖತೀಬರಿಗೆ ತೋರಿಸಿ. ಇವತ್ತೇ ಇದ್ದತ್ತಿಗೆ ಕೂತುಕೊಳ್ಳಿ.

ಮೂರನೇ ಫೋಟೋದ ಕಾಪಿ ನೆಗೆಟಿವ್ ನನ್ನ ಹತ್ತಿರವಿತ್ತು, ಚುಕ್ಕೆ ತುಂಬಿದ ಮೇಲಿನದ್ದು. ಅದರಿಂದ ಒಂದು ದೊಡ್ಡ ಪ್ರಿಂಟ್ ಹಾಕಿದೆ. ಬಿಳಿ ಬಣ್ಣದಲ್ಲಿ ಐದು ಚುಕ್ಕೆ ಇಡೋಣವೆಂದು ಕುಂಚ ಹಿಡಿದು ಕೂತೆ. ಎಲ್ಲಿಡಬೇಕು? ಕಂಡದ್ದು ಎರಡು ಕ್ಷಣ. ಹುಡುಕಿ ನೋಡಿದೆ, ನಾನು ತುಂಬಿದ ಗುರುತು ಒಂದೂ ಸಿಗಲಿಲ್ಲ. ಅಷ್ಟು ಚೊಕ್ಕ ಕೆಲಸ. ಬಾಪ ಎಲ್ಲಿದ್ದರೆಂದು ಅಂದಾಜಿನ ಮೇಲೆ ಚುಕ್ಕೆ ಹಾಕುವುದಕ್ಕೆ ಕೈ ಬರಲಿಲ್ಲ. ಹಾಗೇ ಲಕೋಟೆಗೆ ಹಾಕಿದೆ. ಅಬ್ಕೈಕಿನಲ್ಲೇ ಕ್ಯಾಂಟೀನಿನಲ್ಲಿದ್ದ ನಮ್ಮೂರಿನ ಅಬ್ದುಲ್ ಸಲಾಂ ಸೆಪ್ಟೆಂಬರಿನಲ್ಲಿ ರಜೆಗೆ ಹೊರಟಿದ್ದ. ಅವನ ಕೈಯಲ್ಲಿ ಕೊಟ್ಟು ಕಳಿಸಿದೆ.

ಅವನು ನವೆಂಬರಿನಲ್ಲಿ ತಿರುಗಿ ಬಂದ. ಏರ್‌ಪೋರ್ಟಿನಿಂದ ನೇರ ಸ್ಟುಡಿಯೋಕ್ಕೆ ಬಂದ. ಬ್ಯಾಗು ಕೆಳಗಿಡದೆ ನಿಂತದ್ದು ನೋಡಿಯೇ ನನಗೆ ಗೊತ್ತಾಯಿತು.

"ಹೋದ ಶುಕ್ರವಾರ, ಮೊಯ್ದುಚ್ಚ," ಅಂದ. "ತುಂಬ ಕಷ್ಟ ಪಡಲಿಲ್ಲ. ಟೆಲಿಗ್ರಾಂ ಬೇಡ, ನಾನೇ ಹೋಗಿ ಹೇಳ್ತೇನೆ ಅಂತ ನಾನೇ ಹೇಳಿದೆ."

"ಇದ್ದತ್ತಿಗೆ ಕೂತಿದ್ದರಾ?"

ಅವನು ಬ್ಯಾಗಿನ ಜಿಪ್ಪು ಎಳೆದು ಒಂದು ಕ್ಯಾಸೆಟ್ಟು ತೆಗೆದ. "ಅಲಿಕತ್ತು ಉಸಿರು ಹೋದ ಮೇಲೆ, ಮಯ್ಯತ್ತಿನ ಸ್ನಾನಕ್ಕೆ ಹೆಂಗಸರು ಬಿಚ್ಚಿದ್ದಂತೆ," ಅಂದ. "ಇದು ಅವರು ಮೊದಲೇ ತುಂಬಿಸಿ ಇಟ್ಟದ್ದು. ನಿಮಗೆ ಕೊಡಲಿಕ್ಕೆ."

ಒಳಗೆ ಹೋಗಿ ಟೇಪ್ ರೆಕಾರ್ಡರಿಗೆ ಹಾಕಿದೆ.

"ಮೋನೇ, ನಿನ್ನ ಮಾತು ಕೇಳಿದೆ. ಫೋಟೋವನ್ನೂ ನೋಡಿದೆ. ಖತೀಬರು ಕಿಟಕಿ ಹತ್ತಿರ ಹಿಡಿದು, ಭೂತಗನ್ನಡಿ ಇಟ್ಟು ನೋಡಿದರು. ಮೂರು ಸಲ ನೋಡಿದರು, ಪಾಪ. ಮೊಯ್ದು ಫೋಟೋ ಭಾರೀ ಚೆಂದ ಮಾಡಿದ್ದಾನೆ, ಒಂದು ಕಲೆ ಇಲ್ಲ, ಆದರೆ ಇದರಲ್ಲಿ ಮನುಷ್ಯರೇ ಇಲ್ಲವಲ್ಲ ಹವ್ವಮ್ಮ ಅಂದರು. ನಾನೂ ಹುಡುಕಿದೆ. ಹೊಳೆ ಉಂಟು, ಗುಂಡಿ ಉಂಟು. ಜನ ಇಲ್ಲ. ನನ್ನನ್ನು ಸಮಾಧಾನ ಮಾಡಲಿಕ್ಕೆ ನೀನು ಹೇಳಿದ್ದು ಅಂತ ನನಗೆ ಗೊತ್ತಾಯಿತು. ಸಣ್ಣವನಿರುವಾಗಲೂ ನಿನಗೆ ಸುಳ್ಳು ಹೇಳಲಿಕ್ಕೆ ಬರುತ್ತಿರಲಿಲ್ಲ." ಉಸಿರು ಎಳೆದುಕೊಂಡರು. "ಯಾರೂ ಇಲ್ಲದಲ್ಲಿ ಯಾರು ಸಾಯ್ತಾರೆ? ವಿಮಾನದ ಸದ್ದು ಕೇಳಿ ಅಲ್ಲಿಂದ ಎದ್ದು ಹೋಗಿದ್ದಾರೆ ನಿನ್ನ ಬಾಪ. ಕಾಲು ಗಟ್ಟಿ ಉಂಟು ಅವರದ್ದು. ನಾನು ಕೂರುವುದಿಲ್ಲ ಮೋನೇ. ಇಷ್ಟು ವರ್ಷ ಕಾದದ್ದು, ಇನ್ನೆಷ್ಟು. ನಫೀಸಾ, ಇದನ್ನು ನಿಲ್ಲಿಸುವುದು ಹೇಗೆ?"

ನಫೀಸತ್ ಹತ್ತಿರ ಇರಲಿಲ್ಲವೆಂದು ಕಾಣುತ್ತದೆ. ಟೇಪು ಮುಗಿಯುವವರೆಗೂ ಕೋಳಿಗಳ ಸದ್ದಿತ್ತು, ನಡುವೆ ಒಂದೆರಡು ಸಲ ಉಮ್ಮನ ಕೆಮ್ಮು.

ಆ ಸಂಜೆ ಉಗ್ಗಪ್ಪ ಒಬ್ಬ ಪಠಾಣ್ ಡ್ರೈವರನ ಇಕಾಮಾ ಫೋಟೋ ತೆಗೆದ. ಪ್ರಿಂಟಿನಲ್ಲಿ ಹುಬ್ಬಿನ ಪಕ್ಕ ಒಂದು ಬಿಳಿ ಚುಕ್ಕೆ ಬಿದ್ದಿತ್ತು. ಹಾಗೇ ಕೊಟ್ಟು ಕಳಿಸಿದೆ. ಮರುದಿನ ಅವನು ಬಂದು ಫೋಟೋವನ್ನು ಮೇಜಿನ ಮೇಲೆ ಎಸೆದ. ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ, ಬಣ್ಣ ತೆಗೆದುಕೊಂಡು, ತುಂಬಿಕೊಟ್ಟೆ.